ಒದ್ದೆ ಬಟ್ಟೆಯಲ್ಲಿ ಒರೆಸಿದ ದಾರಿ

ಮಿದುಳಿನ ವಿಜ್ಞಾನಿ ಪುಟ್ಟಮಾದಯ್ಯನವರು ಹೊರಗಿನವರಿಗೆ ದೊಡ್ಡ ಪ್ರೊಫೆಸರ್. ಅವರ ಲ್ಯಾಬಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಮೇಷ್ಟ್ರು.

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದವರು ಯಾರೇ ಆಗಲಿ, ತಮ್ಮ ಸಂಶೋಧನೆಗೆ ಕೈಹಾಕುವ ಮೊದಲು ಮೇಷ್ಟ್ರ ಹಳೆಯ ಪ್ರಯೋಗವೊಂದನ್ನು ತಮ್ಮ ಕೈಯಾರೆ ಮಾಡಿ ನೋಡಬೇಕು. ಮಾಡುತ್ತಿದ್ದರು, ಮೇಷ್ಟ್ರಿಗೆ ಬಂದ ಉತ್ತರವೇ ಬರುತ್ತಿತ್ತು, ಅವತ್ತು ಎಲ್ಲರಿಗೂ ಪಾಯಸ.

ಹೊಸದಾಗಿ ಪಿಎಚ್‌.ಡಿ.ಗೆ ಸೇರಿದ ಹಸೀನಾಳ ಪಾಲಿಗೆ ಬಂದದ್ದು ಮೇಷ್ಟ್ರಿಗೆ ಹೆಸರು ತಂದ ಪ್ರಯೋಗವೇ. ದಾರಿ ಕಲಿತ ಮೇಲೆ ಮಿದುಳಿನ ಒಂದು ಮೂಲೆಗೆ ಪೆಟ್ಟಾದ ಇಲಿ ಕೂಡ, ಕವಲುದಾರಿಗಳಿರುವ ಪೆಟ್ಟಿಗೆಯಲ್ಲಿ ಬಿಟ್ಟರೆ, ಕಾಳಿದ್ದ ಕಡೆಗೆ ನೆಟ್ಟಗೆ ಹೋಗುತ್ತದೆ. ಅಂದಮೇಲೆ ದಾರಿಯ ನೆನಪು ಇರುವುದು ಆ ಮೂಲೆಯಲ್ಲಿ ಅಲ್ಲ. ಮೂವತ್ತೈದು ವರ್ಷಗಳಿಂದ ಪಠ್ಯಪುಸ್ತಕಗಳು ಹೇಳುತ್ತಿದ್ದುದು ಇದನ್ನೇ. ಇದನ್ನೇ ಮುಂದುವರಿಸಿ ಮೇಷ್ಟ್ರ ಎಷ್ಟೋ ಶಿಷ್ಯರು ತಾವೂ ಪ್ರೊಫೆಸರುಗಳಾಗಿದ್ದರು.

ಹಸೀನಾಳ ಇಲಿಗಳು ದಾರಿ ತಪ್ಪಿದವು.

ತಪ್ಪು ತನ್ನದೇ ಎಂದುಕೊಂಡು ಅವಳು ಮತ್ತೆ ಮಾಡಿದಳು. ಏಳು ತಿಂಗಳು ಮಾಡಿದಳು. ಇಲಿಗಳಿಗೆ ಮೇಷ್ಟ್ರ ಮೇಲೆ ಎಳ್ಳಷ್ಟೂ ಗೌರವ ಇರಲಿಲ್ಲ.

ಮುಂದಿನ ವಾರ ಮೇಷ್ಟ್ರಿಗೆ ಎಂಬತ್ತು ತುಂಬುವುದಿತ್ತು. ಶಿಷ್ಯರೆಲ್ಲ ಸೇರಿ ಗುರುವಂದನೆಯ ಸಭೆ ಇಟ್ಟುಕೊಂಡಿದ್ದರು. ಹಸೀನಾ ಅಳುಕುತ್ತಲೇ ಮೇಷ್ಟ್ರ ಕೋಣೆಗೆ ಹೋದಳು.

“ನನಗೆ ಬೇರೆ ವಿಷಯ ಕೊಡಿ ಮೇಷ್ಟ್ರೇ.”

“ಯಾಕಮ್ಮ? ಪಾಯಸ ಸೇರಲ್ವಾ?”

“ಈ ಕೆಲಸ ನನಗೆ ಒಗ್ತಿಲ್ಲ.”

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. “ಸುಳ್ಳು ಹೇಳೋದೂ ನಿನಗೆ ಒಗ್ಗಿಲ್ಲ. ನಡಿ, ಇಲಿ ತೋರಿಸು.”

ಅವಳು ಪೆಟ್ಟಿಗೆಯನ್ನು ಸ್ಪಿರಿಟ್‌ ಹಾಕಿ ಒರೆಸಿ, ಪೆಟ್ಟಾದ ಇಲಿಯನ್ನು ಒಳಗೆ ಬಿಟ್ಟಳು. ಅದು ಮೊದಲ ಕವಲಿನಲ್ಲೇ ತಬ್ಬಿಬ್ಬಾಯಿತು, ಸುತ್ತಿತು, ಹೊರಟ ಜಾಗಕ್ಕೇ ವಾಪಸು ಬಂತು.

ಮೇಷ್ಟ್ರು ಪಕ್ಕದಲ್ಲಿದ್ದ ಸ್ಪಿರಿಟ್‌ ಬಾಟಲಿ ಎತ್ತಿ ನೋಡಿದರು.

“ಯಾಕೆ ಸ್ಪಿರಿಟ್‌ ಹಾಕಿದೆ? ನನ್ನ ನೋಟ್‌ಬುಕ್ಕಲ್ಲಿ ಒದ್ದೆ ಬಟ್ಟೆ ಅಂತಿದೆ.”

“ನಾನು ಮೊದಲಿದ್ದ ಲ್ಯಾಬಲ್ಲಿ ಹೀಗೇ ಮಾಡ್ತಿದ್ವಿ. ಕೈಗೆ ಅದೇ ರೂಢಿ.”

ಮೇಷ್ಟ್ರು ತಾವೇ ಬಟ್ಟೆ ಒದ್ದೆ ಮಾಡಿಕೊಂಡರು. ನೋಟ್‌ಬುಕ್ಕಿನಲ್ಲಿದ್ದ ಹಾಗೇ, ದಾರಿ ಬಲ್ಲ, ಆರೋಗ್ಯವಾಗಿದ್ದ ನಾಲ್ಕಾರು ಇಲಿಗಳನ್ನು ಮೊದಲು ಓಡಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೆಟ್ಟಾದ ಇಲಿಯನ್ನು ಬಿಟ್ಟರು. ಅದು ಹಲಗೆಗೆ ಮೂಗು ಹಚ್ಚಿಕೊಂಡು, ಎಲ್ಲೂ ನಿಲ್ಲದೆ, ಕಾಳಿನ ಹತ್ತಿರ ಹೋಯಿತು.

“ವಾಸನೆ! ಒದ್ದೆ ಬಟ್ಟೆಗೆ ಅದು ಹೋಗಲ್ಲ!” ಎಂದಳು ಹಸೀನಾ. ಅಂದ ಮೇಲೆ ಬಾಯಿ ಮುಚ್ಚಿಕೊಂಡಳು.

“ಹೂಂ. ಇದಕ್ಕೆ ದಾರಿ ಗೊತ್ತೇ ಇಲ್ಲ. ಮುಂದೆ ಹೋದವರ ವಾಸನೆ ಹಿಡ್ಕೊಂಡು ಹೋಗಿದೆ.” ಮೇಷ್ಟ್ರು ಇಲಿಯ ಬೆನ್ನು ಸವರಿದರು. “ನನ್ನ ಹುಡುಗರೂ ಪಾಪ, ಹೀಗೇ ಬಂದ್ರು.”

ಹಸೀನಾಳ ಕಣ್ಣು ತುಂಬಿತು. ಈ ಮುದುಕರನ್ನು ಅವಳು ಸ್ವಂತ ತಂದೆಯಷ್ಟೇ ಹಚ್ಚಿಕೊಂಡಿದ್ದಳು.

“ಇದು ಇಲ್ಲೇ ಇರಲಿ ಮೇಷ್ಟ್ರೇ. ನಾನು ಬೇರೆ ಕಡೆ ಹೋಗ್ತೀನಿ. ಪಿಎಚ್‌.ಡಿ. ಹೋದರೆ ಹೋಗಲಿ.”

“ಯಾಕೆ? ಗುರುವಿಗೇ ತಿರುಮಂತ್ರ ಹಾಕಿದಳು ಅಂತಾರೆ ಅಂತಲಾ?”

“ಅವರು ಏನಾದರೂ ಅಂದ್ಕೊಳ್ಳಲಿ. ನಿಮಗೆ ನೋವಾಗತ್ತೆ.”

“ಆಗದೇ ಇರತ್ತಾ ತಾಯಿ? ಮೂವತ್ತೈದು ವರ್ಷ ಸಾಕಿದ್ದು.” ಮೇಷ್ಟ್ರು ಇಲಿಯನ್ನು ಅದರ ಗೂಡಿಗೆ ಬಿಟ್ಟರು. “ಆದರೂ ಹೇಳ್ತೀನಿ ಕೇಳು. ಇಷ್ಟು ಚೆನ್ನಾಗಿ ಯಾರೂ ನನ್ನ ಓದಿರಲಿಲ್ಲ.”

ಅವರು ಲ್ಯಾಬಿನ ಮೇಜಿನ ಮೇಲಿದ್ದ ಗುರುವಂದನೆಯ ಆಹ್ವಾನಪತ್ರಿಕೆ ತೆಗೆದುಕೊಂಡರು. ‘ಮುಖ್ಯ ಉಪನ್ಯಾಸ’ ಎಂದಿದ್ದ ಕಡೆ ತಮ್ಮ ಹೆಸರಿನ ಮೇಲೆ ಗೀಟು ಎಳೆದು, ಹಸೀನಾ ಎಂದು ಬರೆದು, ಅವಳ ಕೈಗೆ ಕೊಟ್ಟರು.

ಅವಳು ತನ್ನ ಹೆಸರನ್ನು ಓದಿದಳು. “ಅವತ್ತು ಬರೋರೆಲ್ಲ ನಿಮ್ಮನ್ನ ಹೊಗಳೋಕೆ ಬರ್ತಾರೆ. ಅಂಥವರ ಮುಂದೆ ನಿಂತು ಇದನ್ನ ನಾನು ಹೇಗೆ ಹೇಳಲಿ ಮೇಷ್ಟ್ರೇ?”

“ಕೊನೇ ಸಾಲಿನ ತನಕ ನನ್ನ ಶಿಷ್ಯರೇ ಕೂತಿರ್ತಾರೆ,” ಎಂದರು ಮೇಷ್ಟ್ರು. “ಗಟ್ಟಿಯಾಗಿ ಹೇಳು.”