ಅಜ್ಜನ ಅಪ್ಪಣೆ

ಫಕೀರಪ್ಪನ ರಿಪೇರಿ ಅಂಗಡಿಯಲ್ಲಿ ಏನು ಮಾಡಿದರೂ ಏಳದ ಲ್ಯಾಪ್‌ಟಾಪೊಂದು ಮಲಗಿತ್ತು. ನಂಬದಿದ್ದರೆ ಅಲ್ಲಿಯ ಫ್ಯಾನನ್ನೇ ಕೇಳಿ. ಸಂಜೆಯೊಳಗೆ ಏಳದಿದ್ದರೆ ಗುಜರಿಗೇ ಎಂದು ಫಕೀರಪ್ಪ ಹೇಳಿಯಾಗಿತ್ತು. ಅದನ್ನು ಎಬ್ಬಿಸಲೆಂದೇ ಬಂದ ಸಿ.ಡಿ. ಡ್ರೈವು ಪಕ್ಕದಲ್ಲಿ ಕೂತು, ಹೊಟ್ಟೆಯೊಳಗಿನ ಡಿಸ್ಕನ್ನು ಬೆಳಗಿನಿಂದ ತಿರುಗಿಸಿ ತಿರುಗಿಸಿ ಸುಸ್ತಾಗಿತ್ತು.

"ಅಣ್ಣಾ, ನನ್ನ ಡಿಸ್ಕನ್ನು ಒಮ್ಮೆ ಓದು. ಎದ್ದುಬಿಡುತ್ತೀಯ."

"ತಡಿಯಪ್ಪ. ಮೊದಲು ಒಳಗಿರುವ ಹಾರ್ಡ್‌ಡಿಸ್ಕ್ ಅಜ್ಜನನ್ನು ಕೇಳಬೇಕು. ಅದು ನಮ್ಮ ಮನೆಯ ಪದ್ಧತಿ."

"ಅಜ್ಜ ಸತ್ತು ತಿಂಗಳಾಯಿತಲ್ಲಣ್ಣಾ!"

"ಬಿಡ್ತು ಅನ್ನು! ಯೋಚನೆ ಮಾಡುತ್ತಿದ್ದಾರೆ. ಹಿರಿಯರು ಬಾಯಿ ಬಿಡುವ ಮೊದಲೇ ನೆಂಟರ ಮಾತು ಕೇಳಿ ಏಳುವುದೇ?"

ಡ್ರೈವು ನಿಟ್ಟುಸಿರು ಬಿಟ್ಟು ಮತ್ತೆ ತಿರುಗಿಸತೊಡಗಿತು. ಹೊತ್ತು ಇಳಿಯಿತು. ಗುಜರಿಯವನ ಗಾಡಿ ಬಾಗಿಲಿಗೆ ಬಂದು ನಿಂತಿತು. ಇದೊಂದು ನೋಡಿಬಿಡೋಣ ಎಂದು ಫಕೀರಪ್ಪ ತಿರುಪು ಬಿಚ್ಚಿ, ಅಜ್ಜನನ್ನು ಹೊರಗೆಳೆದು ಗಾಡಿಗೆ ಎಸೆದ. ಒಳಗೆ ಕೇಳಲು ಯಾರೂ ಉಳಿಯದಿದ್ದಾಗ ಲ್ಯಾಪ್‌ಟಾಪು ವಿಧಿಯಿಲ್ಲದೆ ಡ್ರೈವಿನ ಕಡೆ ತಿರುಗಿತು, ಡಿಸ್ಕ್ ಓದಿತು, ಝಗ್ಗನೆ ಬೆಳಗಿ ಎದ್ದು ಕೂತಿತು.

"ನೋಡಿದೆಯಾ?" ಎಂದಿತು ಹೆಮ್ಮೆಯಿಂದ. "ತಾಳ್ಮೆಯಿಂದ ಕಾದೆ. ಕೊನೆಗೂ ಅಜ್ಜ ಅಪ್ಪಣೆ ಕೊಟ್ಟರು."

"ಹೌದಣ್ಣಾ, ದೊಡ್ಡವರು," ಎಂದು ಡ್ರೈವು ತನ್ನ ದೀಪ ಆರಿಸಿಕೊಂಡಿತು.