ಹಿಂದೆ ಎಂಜಿನ್ ಇದ್ದ ವ್ಯಾನು

"ಗುರುಗಳೇ, ದೋಷವಿದೆ ಎಂದು ಗೊತ್ತಿದ್ದೂ ಒಂದನ್ನು ಆರಿಸಿಕೊಳ್ಳುವುದು ಜಾಣತನವೆ?" ಎಂದು ಶಿಷ್ಯ ಕಲ್ಲಿನಾಥ ಕೇಳಿದ.

ಗುರುಗಳು ಹೇಳಿದರು: ಕೇಳು.

ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಗಿರಣಿಗೆ ರಜೆ ಬಂತೆಂದರೆ ಗುಡ್ಡಕ್ಕೆ ಹೋಗಿ ಡೇರೆ ಹಾಕುವುದು ಅವನ ಹುಚ್ಚು. ಅವನ ಅತ್ತೆ ಕುರಿ ಕಾಯುವವರ ಮಗಳು. ಗುಡ್ಡದ ಮೇಲೆ, ಕುರಿಹಟ್ಟಿಯಲ್ಲಿ ಹುಟ್ಟಿದವಳು. ಸಾಯುವ ಮೊದಲು ಒಂದು ರಾತ್ರಿ ಅಲ್ಲಿ ಮಲಗಬೇಕೆಂದು ಅವಳ ಆಸೆ. ಆದರೆ ಮೊಣಕಾಲು ಹೋಗಿತ್ತು. ನಡೆದು ಹತ್ತುವಂತಿರಲಿಲ್ಲ.

ಗಿರಣಿಯವನು ಗಾಡಿ ಕೊಳ್ಳಲು ಹೋದ. ಮೊದಲು ಒಂದು ಜೀಪು ನೋಡಿದ. ಗಟ್ಟಿ ಗಾಡಿ. ನಾಲ್ಕೂ ಗಾಲಿಗೆ ಬಲವಿತ್ತು. ಆದರೆ ಎತ್ತರ. ಅತ್ತೆ ಹತ್ತಬೇಕಾದರೆ ಅಳಿಯ ಕೈಹಿಡಿದು ಎತ್ತಬೇಕು. ಅದು ಆಗದ ಮಾತು. ಅವರ ಜನರಲ್ಲಿ ಅತ್ತೆ ಅಳಿಯನ ಎದುರು ನಿಲ್ಲುವುದಿಲ್ಲ, ಅವನೊಡನೆ ಮಾತಾಡುವುದಿಲ್ಲ. ಏನಿದ್ದರೂ ಮಗಳ ಬಾಯಿಂದ ಹೇಳಿಸಬೇಕು. ಮಗಳು ಇಲ್ಲದಿದ್ದರೆ ಕಂಬಕ್ಕೆ ಹೇಳಬೇಕು. ಅಳಿಯ ಕೇಳಿಸಿಕೊಳ್ಳಬೇಕು.

ಪಕ್ಕದಲ್ಲಿ ಒಂದು ಹಳೆಯ ವ್ಯಾನು ನಿಂತಿತ್ತು. ಎಂಜಿನ್ ಹಿಂದೆ. ಆದ್ದರಿಂದ ನೆಲ ಸಮ, ಮೆಟ್ಟಿಲು ತಗ್ಗು. ಮುದುಕಿ ತಾನೇ ಹತ್ತಬಹುದು. ಮಾರುವವನು ಸುಳ್ಳು ಹೇಳಲಿಲ್ಲ.

"ಏರಿನಲ್ಲಿ ಇದರ ಮೂತಿ ಹಗುರ, ಯಜಮಾನರೇ. ಗಾಡಿ ಹತ್ತುತ್ತದೆ. ತಿರುಗು ಅಂದರೆ ಮಾತ್ರ ಕೇಳುವುದಿಲ್ಲ."

"ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ ಬಿಡು," ಎಂದು ಗಿರಣಿಯವನು ಅದನ್ನೇ ಕೊಂಡ.

ರಜೆ ಬಂತು. ಹೊರಟರು. ಅತ್ತೆ ಪದ್ಧತಿಯಂತೆ ಕಟ್ಟಕಡೆಯ ಸೀಟಿನಲ್ಲಿ, ಎಂಜಿನ್ನಿನ ಪಕ್ಕ ಕೂತಳು. ತುಂಬಿದ ಜೋಳದ ಚೀಲದಂಥ ಹೆಂಗಸು. ತಾಯಿಯ ಮುಂದೆ ಗಂಡನ ಮಗ್ಗುಲಲ್ಲಿ ಕೂರಬಾರದೆಂದು ಮಗಳೂ ಹಿಂದೆಯೇ ಕೂತಳು. ಮುಂದೆ ಗಿರಣಿಯವನು ಒಬ್ಬನೇ.

ಗುಡ್ಡದ ಮೊದಲ ತಿರುವು ಬಂತು. ಅವನು ಸ್ಟೀರಿಂಗ್ ತಿರುಗಿಸಿದ. ಮುಂದಿನ ಗಾಲಿ ತಿರುಗಿದವು. ವ್ಯಾನು ತಿರುಗಲಿಲ್ಲ. ಗರಸುಗಲ್ಲಿನ ಮೇಲೆ ಜಾರಿ ನೆಟ್ಟಗೆ ಪೊದೆಗೆ ಮುಖ ಕೊಟ್ಟು ನಿಂತಿತು. ಹಿಂದಕ್ಕೆ ತೆಗೆದ. ಮತ್ತೆ ಹೋದ. ಮತ್ತೆ ಅದೇ ಪೊದೆ. ಮೂತಿಗೆ ಭಾರವಾಗಲೆಂದು ಮಗಳು ಮುಂದೆ ಬಂದು ಕೂತಳು. ಅವಳ ತೂಕ ಒಂದು ರೊಟ್ಟಿಯಷ್ಟು. ಏನೂ ಆಗಲಿಲ್ಲ.

ಹೊತ್ತು ಇಳಿಯತೊಡಗಿತು. ಅತ್ತೆ ಹಿಂದಿನಿಂದ ಹೇಳಿದಳು: "ಅವರಿಗೆ ಹೇಳವ್ವಾ, ಗುಡ್ಡ ನನ್ನ ಒಲ್ಲೆ ಅಂತೈತಿ. ತಿರುಗಿ ಮನಿಗೆ ಹೋಗೂಣು."

ಇಂದು ತಿರುಗಿ ಹೋದರೆ ಅವಳು ಗುಡ್ಡದ ಮಾತನ್ನು ಎರಡನೆಯ ಸಲ ಎತ್ತುವವಳಲ್ಲ. ಅದು ಮಗಳಿಗೂ ಅಳಿಯನಿಗೂ ಗೊತ್ತಿತ್ತು.

ಮಗಳು ಕೆಳಗಿಳಿದು ಹಿಂದಿನ ಬಾಗಿಲು ತೆರೆದಳು. "ಅವ್ವಾ, ಇಳಿ. ಮುಂದ ಕೂಡು."

"ಅಳಿಯಾನ ಮಗ್ಗಲಿಗಾ? ನನ್ನ ಮರ್ಯಾದಿ ಎಲ್ಲಿ ಇಡ್ಲಿ?"

"ಇಲ್ಲೇ ಹಿಂದ ಇರ್ಲಿ. ನೀ ಅಷ್ಟ ಮುಂದ ಬಾ."

ಮುದುಕಿ ಗುಡ್ಡದ ಕಡೆ ನೋಡಿದಳು. ಮಗಳ ಕಡೆ ನೋಡಿದಳು. ಇಳಿದು ಬಂದು ಮುಂದೆ ಕೂತಳು. ಮುಖದ ತುಂಬ ಸೆರಗು ಎಳೆದು ಕಿಟಕಿಯ ಕಡೆ ತಿರುಗಿದಳು. ವ್ಯಾನಿನ ಮೂತಿ ಬಾಗಿತು. ಗಾಲಿ ನೆಲ ಹಿಡಿದವು. ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಿ ತಿರುಗಿತು.

ಇನ್ನಷ್ಟು ಮೇಲೆ ಹುಲ್ಲು ದಾರಿಯನ್ನು ಮುಚ್ಚಿತ್ತು. ಒಮ್ಮೆಲೇ ಸೆರಗು ಸರಿಯಿತು.

"ಎಡಕ್ಕ ಹೊಡಿಯೋ! ಬಲಕ್ಕ ಕೊರಕಲು ಐತಿ!"

ಅಳಿಯ ಎಡಕ್ಕೆ ಹೊಡೆದ. ಬಲಗಾಲಿಯ ಪಕ್ಕದಲ್ಲೇ ಕೊರಕಲು ಹಾದುಹೋಯಿತು. ಮದುವೆಯಾದಾಗಿನಿಂದ ಅದು ಅವಳು ಅವನಿಗೆ ಆಡಿದ ಮೊದಲ ಮಾತು. ಆಡಿದ್ದು ತಿಳಿದು ಅವಳು ಬಾಯಿಗೆ ಕೈ ಇಟ್ಟುಕೊಂಡಳು.

"ಮುಂದ ಹೆಂಗ್ರೀ ಅತ್ತಿ?" ಎಂದು ಅವನು ಕೇಳಿದ.

ಆಮೇಲೆ ಆ ಬಾಯಿ ಮುಚ್ಚಲಿಲ್ಲ. ಇಲ್ಲಿ ಹಟ್ಟಿ ಇತ್ತು. ಅಲ್ಲಿ ತೋಳಕ್ಕೆ ಕಲ್ಲು ಹೊಡೆದೆ. ಆ ಹಳ್ಳದಲ್ಲಿ ನನ್ನ ಕಡಗ ಬಿತ್ತು. ನೀನು ಕುಂಟ ಟಗರಿನ ಹಾಗೆ ಗಾಡಿ ಹೊಡೆಯುತ್ತೀ. ಅಳಿಯ ನಕ್ಕು ನಕ್ಕು ಗೇರು ತಪ್ಪಿಸಿದ. ಹಿಂದೆ ಒಬ್ಬಳೇ ಕೂತ ಮಗಳು, ನನಗೂ ಸ್ವಲ್ಪ ಕೇಳಿಸುವ ಹಾಗೆ ಮಾತಾಡಿರಿ ಎಂದು ಕೂಗಿದಳು. ಅಂದು ಮುದುಕಿ ಹುಟ್ಟಿದ ಗುಡ್ಡದ ಮೇಲೆ ಮಲಗಿದಳು.

ಈಗ ಪ್ರತಿ ರಜೆಗೂ ಹೋಗುತ್ತಾರೆ. ಅತ್ತೆ ಮುಂದೆಯೇ ಕೂರುತ್ತಾಳೆ. ಏರು ಇದೆಯಲ್ಲ, ಏನು ಮಾಡುವುದು ಎನ್ನುತ್ತಾಳೆ.

ಗುರುಗಳು ನಿಲ್ಲಿಸಿದರು. ಕಲ್ಲಿನಾಥ ಯೋಚಿಸಿ ಕೇಳಿದ: "ಮುಂದೆ ಒಂದು ಮರಳಿನ ಚೀಲ ಇಟ್ಟಿದ್ದರೆ ಆ ದೋಷ ಅಂದೇ ಹೋಗುತ್ತಿತ್ತು. ಗಿರಣಿಯವನಿಗೆ ಅಷ್ಟೂ ಹೊಳೆಯಲಿಲ್ಲವೆ?"

"ಆಮೇಲೆ ಹೊಳೆಯಿತು," ಎಂದರು ಗುರುಗಳು. "ಚೀಲ ಇಟ್ಟರೆ ಅತ್ತೆ ಮತ್ತೆ ಹಿಂದೆ ಹೋಗಿ ಕೂರುತ್ತಾಳೆ."