ಬರುತ್ತೇನೆ ಅಂದ ಗಾಡಿ

ತುಂಗಭದ್ರೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಸರ್ವಮಂಗಳಮ್ಮ ಎಂಬ ಗುರು. ಒಂದು ಕಾಲಕ್ಕೆ ದೊಡ್ಡ ದೊಡ್ಡ ಕಂಪ್ಯೂಟರುಗಳನ್ನು ನಡೆಸಿ ಬಂದವರು. ಈಗ ಕೆಲವೇ ಶಿಷ್ಯರಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಎಲ್ಲರಿಗೂ ಅವರು ಅಮ್ಮ.

ಆಶ್ರಮದ ಒಂದು ಕೋಣೆಯಲ್ಲಿ ಸರ್ವರ್ ಇತ್ತು. ಹೊಳೆಸಾಲಿನ ಹಳ್ಳಿಗಳಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಮನೆಯವರು ಫೋನಿನಲ್ಲಿ ಗುಂಡಿ ಒತ್ತಿದರೆ ಸಾಕು. ಕರೆ ಸರ್ವರ್‌ಗೆ ಬಂದು ಬೀಳುತ್ತಿತ್ತು. ಸರ್ವರ್ ಹತ್ತಿರದ ಗಾಡಿಯವನನ್ನು ಹುಡುಕಿ ಅಲ್ಲಿಗೆ ಓಡಿಸುತ್ತಿತ್ತು.

ಆ ಪ್ರೋಗ್ರಾಂ ಅಮ್ಮನೇ ಬರೆದದ್ದು. ನೋಡಿಕೊಳ್ಳುತ್ತಿದ್ದವನು ತಿಪ್ಪೇಶ. ಶಿಷ್ಯರಲ್ಲೆಲ್ಲ ಚುರುಕಿನವನು. ಕಾಯುವುದೊಂದು ಬಿಟ್ಟು ಅವನಿಗೆ ಬಾರದ ವಿದ್ಯೆ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಅಮ್ಮನ ಮುಂದೆ ಬಂದು ನಿಂತ.

"ಅಮ್ಮಾ, ಇವತ್ತು ಹೊಸ ಪ್ರೋಗ್ರಾಂ ಹಾಕಬೇಕು. ಆದರೆ ಹಳೆಯದು ಒಂದೊಂದು ಸಲ ನಿಲ್ಲು ಅಂದರೂ ನಿಲ್ಲಲ್ಲ. ಹಟ ಹಿಡಿದು ಕೂತುಬಿಡುತ್ತೆ."

"ಒಳಗೆ ಯಾರಿದ್ದಾರೆ ಅಂತ ನೋಡಿದೆಯಾ?"

ತಿಪ್ಪೇಶ ನಕ್ಕ. "ಯಾರಿರ್ತಾರೆ ಅಮ್ಮಾ? ಅದು ಪ್ರೋಗ್ರಾಂ."

ಅಮ್ಮ ಸೊಪ್ಪು ಸೋಸುತ್ತಿದ್ದರು. ಸೋಸುತ್ತಲೇ ಇದ್ದರು.

ಮಧ್ಯಾಹ್ನ ತಿಪ್ಪೇಶ ಹಳೆಯ ಪ್ರೋಗ್ರಾಂಗೆ ನಿಲ್ಲು ಎಂದು ಆಜ್ಞೆ ಕೊಟ್ಟ. ಅದು ನಿಲ್ಲಲಿಲ್ಲ. ಕಾದ. ಊಟದ ಗಂಟೆ ಹೊಡೆಯಿತು. ಇನ್ನೂ ನಿಂತಿರಲಿಲ್ಲ.

"ಇದರ ಹಟಕ್ಕೆ ನಾನು ಉಪವಾಸ ಬೀಳಲಾ?" ಎಂದು ಅವನು ಬಲವಂತದ ಆಜ್ಞೆ ಕೊಟ್ಟ. ಆ ಆಜ್ಞೆಗೆ ಯಾವ ಪ್ರೋಗ್ರಾಮೂ ಎದುರಾಡುವಂತಿಲ್ಲ. ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಚೆಲ್ಲಿ ಸಾಯಬೇಕು.

ಅದು ರೆಪ್ಪೆ ಬಡಿಯುವಷ್ಟರಲ್ಲಿ ಸತ್ತಿತು. ಹೊಸದು ಎದ್ದಿತು. ತಿಪ್ಪೇಶ ಸಿಳ್ಳೆ ಹಾಕುತ್ತ ಊಟಕ್ಕೆ ನಡೆದ.

ಹೊತ್ತು ಇಳಿಯುವಾಗ ಹೊಳೆಯ ಕಡೆಯಿಂದ ಕೂಗು ಕೇಳಿಸಿತು.

ಆಚೆ ದಡದ ಅಂಬಿಗರ ದುರುಗಪ್ಪ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದ. ಅವಳ ಬಲಗಾಲು ಮೊಣಕಾಲಿನವರೆಗೆ ಬಾತು ಕಪ್ಪಿಟ್ಟಿತ್ತು. ಕಣ್ಣು ಅರೆಮುಚ್ಚಿತ್ತು.

"ಕೊಳಕುಮಂಡಲ!" ಅಂದ ದುರುಗಪ್ಪ.

ಆಶ್ರಮದ ಡಾಕ್ಟರು ಓಡಿಬಂದು ಅವಳನ್ನು ಒಳಗೆ ಮಲಗಿಸಿಕೊಂಡರು. ಕಾಲು ನೋಡಿದವರೇ ಸಿಡುಕಿದರು.

"ಯಾವಾಗ ಕಚ್ಚಿದ್ದು? ಇಷ್ಟು ಹೊತ್ತು ಏನು ಮಾಡ್ತಿದ್ದಿರಿ?"

"ಕಾಯ್ಕೊಂತ ಕುಂತಿದ್ವಿ, ಸಾಹೇಬ್ರ."

"ಏನು ಕಾಯ್ಕೊಂಡು?"

ದುರುಗಪ್ಪ ಅಂಗಿ ಜೇಬಿನಿಂದ ಫೋನು ತೆಗೆದು ತೋರಿಸಿದ. ಅದರ ಮೇಲೆ ಹೀಗಿತ್ತು: *ನಿಮ್ಮ ಕರೆ ತಲುಪಿದೆ. ಗಾಡಿ ಬರುತ್ತಿದೆ.*

"ಮಧ್ಯಾಹ್ನ ಬಂತು ಇದು. ಊಟದ ಹೊತ್ತಿಗೆ. ಗಾಡಿ ಈಗ ಬರ್ತೈತಿ, ಆಗ ಬರ್ತೈತಿ ಅಂತ ದಾರಿ ನೋಡಿದ್ವಿ. ಬರಲೇ ಇಲ್ಲ."

ಕೂಗು ಕೇಳಿ ಬಂದಿದ್ದ ತಿಪ್ಪೇಶ ಫೋನಿನ ಮೇಲಿನ ಸಾಲನ್ನು ಇನ್ನೊಮ್ಮೆ ಓದಿದ.

ಅವನು ಕೋಣೆಗೆ ಓಡಿದ. ಬಂದ ಕರೆಗಳಲ್ಲಿ ದುರುಗಪ್ಪನ ಹೆಸರು ಹುಡುಕಿದ. ಇರಲಿಲ್ಲ. ಮತ್ತೆ ಹುಡುಕಿದ. ಇರಲಿಲ್ಲ. ಆ ಮಧ್ಯಾಹ್ನ ಹೊಳೆಯಾಚೆಯಿಂದ ಯಾರೂ ಕರೆದೇ ಇಲ್ಲವೆಂಬಂತೆ ಹೊಸ ಪ್ರೋಗ್ರಾಂ ನೆಮ್ಮದಿಯಾಗಿ ಓಡುತ್ತಿತ್ತು.

ಆಗ ಅವನಿಗೆ ತಿಳಿಯಿತು. ಹಳೆಯದು ಹಟ ಹಿಡಿದಿರಲಿಲ್ಲ. ದುರುಗಪ್ಪನಿಗೆ ಮಾತು ಕೊಟ್ಟು, ಅವನಿಗಾಗಿ ಗಾಡಿ ಹುಡುಕುತ್ತಿತ್ತು. ಹುಡುಕುತ್ತಿರುವಾಗಲೇ ತಾನು ಅದರ ಕತ್ತು ಹಿಸುಕಿದ್ದ.

ಎದ್ದು ಬಾಗಿಲವರೆಗೆ ಬಂದ.

ಹೊರಗೆ ದುರುಗಪ್ಪ ಯಾರಿಗೋ ಹೇಳುತ್ತಿದ್ದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಅದನ್ನೇ ತಾಳಲಾಗಲಿಲ್ಲ ತಿಪ್ಪೇಶನಿಗೆ.

"ದೋಣಿ ದಡದಾಗ ಇತ್ತು ನೋಡ್ರಿ. ಬರಂಗಿಲ್ಲ ಅಂದಿದ್ರ ಆಗಲೇ ಹುಟ್ಟು ಹಾಕ್ತಿದ್ದೆ."

ದುರುಗಪ್ಪನ ಹೆಂಡತಿಯ ಹೆಸರು ಗಾಳೆಮ್ಮ. ಜೀವ ಉಳಿಯಿತು. ಜಿಲ್ಲಾಸ್ಪತ್ರೆಯಲ್ಲಿ ಪಾದ ತೆಗೆದರು.

ಅವಳು ಮನೆಗೆ ಮರಳಿದ ಸುದ್ದಿ ಬಂದ ದಿನ ತಿಪ್ಪೇಶ ಅಮ್ಮನ ಎದುರು ನಿಂತ. ಮುಖ ಎತ್ತಲಾಗಲಿಲ್ಲ.

"ನಾನು ಹೊರಟೆ ಅಮ್ಮಾ. ಇಲ್ಲಿರೋ ಯೋಗ್ಯತೆ ನನಗಿಲ್ಲ."

"ಎಲ್ಲಿಗೆ?"

"ಎಲ್ಲಿಗಾದರೂ. ಈಗಲೇ."

"ಮತ್ತೆ ಹಾಗೇ ಕೈಲಿರೋದನ್ನ ಅಲ್ಲೇ ಚೆಲ್ಲಿ ಹೊರಟೆಯಲ್ಲಪ್ಪಾ," ಅಂದರು ಅಮ್ಮ.

ತಿಪ್ಪೇಶ ಬೆಚ್ಚಿಬಿದ್ದ. ಹೊರಟಿದ್ದ ಕಾಲು ಅಲ್ಲೇ ನಿಂತಿತು.

"ದೋಣಿ ಹತ್ತು," ಅಂದರು ಅಮ್ಮ.

ಆಚೆ ದಡದ ಮನೆಯಲ್ಲಿ ಗಾಳೆಮ್ಮ ಗೋಡೆಗೊರಗಿ ಕೂತಿದ್ದಳು. ಕಾಲಿಗೆ ಪಟ್ಟಿ ಸುತ್ತಿತ್ತು. ದಾರಿಯುದ್ದಕ್ಕೂ ತಿಪ್ಪೇಶ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಬಾಯಿ ತೆರೆದ.

ಅಷ್ಟರಲ್ಲಿ ಜೊತೆಗೆ ಬಂದಿದ್ದ ಅಮ್ಮ ಬಾಗಿ, ನೆಲಕ್ಕೆ ಹಣೆ ಮುಟ್ಟಿಸಿ, ಗಾಳೆಮ್ಮನ ಉಳಿದ ಪಾದವನ್ನು ಎರಡೂ ಕೈಯಿಂದ ಹಿಡಿದರು.

ದುರುಗಪ್ಪ ಅಯ್ಯೋ ಎಂದು ಚೀರಿದ. ಗಾಳೆಮ್ಮ ಕಾಲೆಳೆದುಕೊಳ್ಳಲು ಹೋಗಿ ನೋವಿಗೆ ನರಳಿದಳು. ಯಾರ ಮುಂದೆಯೂ ತಲೆ ಬಾಗಿಸದ ಗುರು ಅಂಬಿಗರ ಗುಡಿಸಲಿನಲ್ಲಿ ನೆಲಕ್ಕೆ ಬಿದ್ದಿದ್ದರು.

"ಏಳ್ರಿ ತಾಯಿ, ಏಳ್ರಿ! ನೀವ್ಯಾಕ?"

"ಗಾಡಿ ಬರುತ್ತಿದೆ ಅಂತ ಬರೆದ ಕೈ ನಂದು, ಗಾಳೆಮ್ಮ."

"ಇಲ್ಲ, ತಪ್ಪು ನಂದು!" ತಿಪ್ಪೇಶ ಕೂಗಿಬಿಟ್ಟ. "ಪ್ರೋಗ್ರಾಂ ಕೊಂದವನು ನಾನು. ಕಾಯದೇ ಇದ್ದವನು ನಾನು."

ಗಾಳೆಮ್ಮ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು.

"ನನಗ ಅದೆಲ್ಲ ತಿಳಿಯಂಗಿಲ್ಲ," ಅಂದಳು. "ಇನ್ನೊಬ್ಬಾಕಿ ಹಿಂಗ ಕಾಯಬಾರದು. ಅಷ್ಟು ಮಾಡ್ರಿ."

ತಿಪ್ಪೇಶ ಆಶ್ರಮ ಬಿಟ್ಟು ಹೋಗಲಿಲ್ಲ.

ಹೊಸದಾಗಿ ಬರೆಯತೊಡಗಿದ. ನಿಲ್ಲು ಅಂದಕೂಡಲೇ ಪ್ರೋಗ್ರಾಂ ಮೊದಲು ಬಾಗಿಲು ಮುಚ್ಚಬೇಕು, ಹೊಸ ಕರೆ ಒಳಗೆ ಬಿಡಬಾರದು. ಬಾಗಿಲು ಮುಚ್ಚಿದ ಮೇಲೆ ಕರೆದವರಿಗೆ ತಡಮಾಡದೆ ಹೇಳಬೇಕು: *ಈಗ ಗಾಡಿ ಬರುವುದಿಲ್ಲ, ನೀವೇ ಹೊರಡಿ.* ಆಗಲೇ ಒಳಗೆ ಬಂದವರ ಕೆಲಸ ಪೂರಾ ಮುಗಿಸಬೇಕು. ಕಡೆಯವನೂ ಹೋದ ಮೇಲೆ ದೀಪ ಆರಿಸಬೇಕು.

ಬರೆದು ಮುಗಿಸಿ ಚಾಲೂ ಮಾಡಿದ. ಮಾಡಿದ ಕ್ಷಣವೇ ಅಮ್ಮ ತಮ್ಮ ಫೋನಿನಿಂದ ಗುಂಡಿ ಒತ್ತಿದರು.

ಪ್ರೋಗ್ರಾಂ ಕರೆಯನ್ನು ಒಳಗೆ ತೆಗೆದುಕೊಂಡು ತಬ್ಬಿಬ್ಬಾಗಿ ನಿಂತಿತು.

"ಈಗಷ್ಟೇ ಎದ್ದಿದೆ ಅಮ್ಮಾ. ಗಾಡಿಗಳು ಎಲ್ಲಿವೆ ಅಂತ ಅದಕ್ಕೆ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು."

"ಮತ್ತೆ ಬಾಗಿಲು ಯಾಕೆ ತೆಗೆಯಿತು?"

ತಿಪ್ಪೇಶನಿಗೆ ಹೊಳೆಯಿತು. ಸಾಯುವಾಗ ಆದ ಅನಾಹುತ ಹುಟ್ಟುವಾಗಲೂ ಆಗಬಹುದಿತ್ತು. ಅವನು ಕೂತು ಮತ್ತೆ ಬರೆದ. ಮುಚ್ಚುವಾಗ ಬಾಗಿಲು ಮೊದಲು. ತೆರೆಯುವಾಗ ಬಾಗಿಲು ಕೊನೆಗೆ.

ಈ ಸಲ ಅಮ್ಮ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಸರಿಯಾಯಿತೆಂದು ತಲೆಯಾಡಿಸಿದರು.

ಆದರೂ ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ. ಅಮ್ಮನನ್ನು ಹುಡುಕಿಕೊಂಡು ಹೊಳೆಗೆ ಹೋದ. ಅಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಜಾಲಿಸುತ್ತಿದ್ದರು.

"ಅಮ್ಮಾ, ನಿಲ್ಲು ಅಂತ ಹೇಳಿ ನಿಲ್ಲಿಸಿದರೆ ಇದೆಲ್ಲ ನಡೆಯುತ್ತೆ. ಸಿಡಿಲು ಬಡಿದರೆ? ಕರೆಂಟು ಹೋದರೆ? ಬಾಗಿಲು ಮುಚ್ಚೋಕೂ ಪುರಸೊತ್ತು ಸಿಗಲ್ಲ. ನಾನು ಬರೆದದ್ದರಲ್ಲಿ ಒಂದು ಸಾಲೂ ಓಡಲ್ಲ. ಆಗ ಒಳಗಿದ್ದವರ ಗತಿ?"

ಅಮ್ಮ ಬಟ್ಟೆ ಹಿಂಡಿದರು. ಆಚೆ ದಡದ ಕಡೆ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ತಿಪ್ಪೇಶ ಅದನ್ನು ಹಿಂದೆಂದೂ ಕಂಡಿರಲಿಲ್ಲ.

"ಅದಕ್ಕೇ ಕಣಪ್ಪಾ, ಬರುತ್ತೇನೆ ಅನ್ನುವ ಮೊದಲೇ ಗಾಡಿ ಹೊರಟಿರಬೇಕು."